ಕತ್ತಲೆ ಕೋಣೆಯ ಬಾಳೆಕಂದು

ಮೊನ್ನೆ ಅಡುಗೆಮನೆಯ ಬಲ್ಬಿನ ಹೋಲ್ಡರು ಒಳಗೊಳಗೇ ಸುಟ್ಟು ಕರಕಲು ವಾಸನೆ ಬಂತು. ಮನೆಯವರೆಲ್ಲ ಮೇನ್ ಸ್ವಿಚ್ಚಿನ ಕಡೆ ಓಡಿದರೆ ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಸುಟ್ಟ ಹೋಲ್ಡರು, ಕಾದ ತಗಡು, ಜೊತೆಗೆ ಒಂದಿಷ್ಟು ಒದ್ದೆ ಮಣ್ಣು... ತಗಡೂ ಮಣ್ಣೂ ಅಲ್ಲಿರಲಿಲ್ಲ. ಅವನ್ನು ನೆನಪೇ ಸೇರಿಸಿಕೊಂಡಿತ್ತು. ನಂಜನಗೂಡಿನ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ಕಣ್ಣ ಮುಂದೆ ಬಂದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಆ ವಠಾರಕ್ಕೆ ಬಂದಾಗ ನನಗೆ ಊರಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಗಂಡ ಬೆಳಿಗ್ಗೆ ಹೊರಟರೆ ದೀಪ ಹಚ್ಚಿದ ಮೇಲೆಯೇ ಬರುತ್ತಿದ್ದರು. ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು, ಅವಳ ಗಂಡ ಸೊಸೈಟಿಯೊಂದರಲ್ಲಿ ಗುಮಾಸ್ತ. ನಾನು ಬಂದ ಮೊದಲ ದಿನವೇ ಗೋಡೆಯಾಚೆಯಿಂದ, "ಸಾರು ಮಾಡ್ಬ್ಯಾಡ ಕಣವ್ವ, ನಮ್ಮನೇಲಿ ಅದೆ" ಎಂದು ಕೂಗಿ ಹೇಳಿದ್ದಳು.

ತಾಂಡವಪುರದ ಹತ್ತಿರ ಅವಳ ತವರಿನವರದು ರಸಬಾಳೆ ತೋಟ. ಆಗ ನಮ್ಮ ಕಡೆಯ ಬಾಳೆಗೆಲ್ಲ ಸೊರಗು ರೋಗ ಬಿದ್ದಿತ್ತು. ಎಲೆ ಹಳದಿಯಾಗಿ, ಮುರಿದು, ಗಿಡಕ್ಕೇ ಜೋತುಬೀಳುತ್ತಿತ್ತು. ಅಕ್ಕನ ಅಪ್ಪ ತೋಟವನ್ನೆಲ್ಲ ಕಿತ್ತು ಸುಟ್ಟರು. ಬೇಲಿಯಂಚಿನಲ್ಲಿ ರೋಗ ತಾಗದ ಒಂದೇ ಒಂದು ಕಂದು ಉಳಿದಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ ತಂದು ಮಗಳ ಕೈಗಿಟ್ಟು, "ನಮ್ ಮಣ್ಣೇ ಕೆಟ್ಟೋಗದೆ ಕಣವ್ವ. ಇದ ಈ ಮಣ್ಗೆ ಮಾತ್ರ ಇಡ್ಬ್ಯಾಡ" ಎಂದರಂತೆ. ಅಳಿಯನಿಗೆ ನರಸೀಪುರಕ್ಕೆ ವರ್ಗವಾಗುವ ಮಾತಿತ್ತು. ಅಲ್ಲಿ ಹೊಳೆ ತಂದ ಹೊಸ ಮಣ್ಣಿನಲ್ಲಿ ನೆಡುವ ತನಕ ಕಂದನ್ನು ಹೇಗಾದರೂ ಬದುಕಿಸಬೇಕಿತ್ತು.

ಅಕ್ಕ ರೋಗ ಸಾಯಲೆಂದು ಮಣ್ಣನ್ನು ಬಾಣಲೆಯಲ್ಲಿ ಹುರಿದು, ಆರಿಸಿ, ತೂತು ಬಿದ್ದ ಬಕೆಟ್ಟಿಗೆ ತುಂಬಿ ನೆಟ್ಟಳು. ಬೀದಿಯಲ್ಲಿಟ್ಟರೆ ದನಗಳು ಬಿಡುತ್ತಿರಲಿಲ್ಲ. ಒಳಗೆ, ಒಂದು ಗವಾಕ್ಷಿ ಬಿಟ್ಟರೆ ಆ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಹೊಸ ಸುಳಿ ಬಿಳಿಚಿಕೊಂಡು, ಎಳೆದ ನೂಲಿನಂತೆ ಬಂತು. ಬಲ್ಬಿನ ಬೆಳಕಿಗೂ ಎಲೆ ಹಸುರಾಗುತ್ತದೆಂದು ನಾನು ಪಿಯುಸಿಯಲ್ಲಿ ಓದಿದ್ದೆ. ಬಾಯಿಬಿಟ್ಟು ಹೇಳಿದೆ. ಅವಳಿಗೆ ಅಷ್ಟೇ ಸಾಕಾಯಿತು.

ಎಣ್ಣೆ ಡಬ್ಬ ಸೀಳಿ, ಮೊರದ ಹಾಗೆ ಬಗ್ಗಿಸಿ, ಬೆಳಕು ಚೆಲ್ಲಲೆಂದು ಒಳಮೈಯನ್ನು ಬೂದಿ ಹಾಕಿ ತಿಕ್ಕಿದಳು. ನಾಲ್ಕು ಹೋಲ್ಡರುಗಳನ್ನು ಮರದ ರೀಪಿಗೆ ಬಿಗಿದು ಅದರೊಳಗೆ ಕೂರಿಸಿದೆವು. ವೈರನ್ನು ಒಂದು ಹೋಲ್ಡರಿನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೂ ಪೋಣಿಸುವ ಹಾಗೆ ಪೋಣಿಸಿದೆವು. ಸ್ವಿಚ್ಚು ಹಾಕಿದರೆ ನಾಲ್ಕರಲ್ಲೂ ಕೆಂಪು ದಾರದಷ್ಟು ಬೆಳಕು.

"ಇದೇನವ್ವ, ಬೀಡಿ ಅಚ್ಚಿದಂಗದೆ" ಎಂದು ಅಕ್ಕ ನಕ್ಕಳು. ನಕ್ಕು ನಕ್ಕು ಗೋಡೆಗೊರಗಿ ಕೂತಳು...

ಆಮೇಲೆ ನನಗೆ ಹೊಳೆಯಿತು. ಒಂದರ ಹಿಂದೊಂದು ನಿಂತು ನಾಲ್ಕೂ ಬಲ್ಬು ಒಂದರ ಪಾಲನ್ನೇ ಹಂಚಿಕೊಳ್ಳುತ್ತಿದ್ದವು. ಎಲ್ಲ ಬಿಚ್ಚಿ, ಎರಡು ಉದ್ದ ವೈರನ್ನು ರೀಪಿನ ಎರಡು ಬದಿಗೆ ಎಳೆದು, ಪ್ರತಿ ಹೋಲ್ಡರಿಗೂ ಎರಡೂ ಕಡೆಯಿಂದ ಒಂದೊಂದು ತುಂಡು ಕೊಟ್ಟೆವು. ಈ ಸಲ ಕೋಣೆಯೆಲ್ಲ ಬೆಳಗಿತು. ಖುಷಿಯಲ್ಲಿ ತಗಡನ್ನು ತುಸು ವಾಲಿಸಲು ಹೋದೆ. ವೈರಿನ ಒಂದು ಬರಿ ಎಳೆ ಎಲ್ಲೋ ತಗಡಿಗೆ ತಾಗಿತ್ತು. ಕೈ ಅಲ್ಲೇ ಕಚ್ಚಿಕೊಂಡಿತು, ಕೂಗಲು ದನಿ ಹೊರಡಲಿಲ್ಲ. ಅಕ್ಕ ಲಟ್ಟಣಿಗೆ ತೆಗೆದು ನನ್ನ ಮಣಿಕಟ್ಟಿಗೆ ಬೀಸಿ ಹೊಡೆದಳು. ನಾನು ಹಿಂದಕ್ಕೆ ಬಿದ್ದೆ.

"ಇದು ಬ್ಯಾಡ ಕಣವ್ವ" ಎಂದಳು, ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತ. "ಗಿಡ ಓದ್ರೆ ಓಯ್ತದೆ. ನಿಂಗೇನಾರ ಆಗಿದ್ರೆ ನಾನ್ ಏನ್ ಮಾಡ್ಲಿ?"

ಆ ಊರಿಗೆ ಬಂದ ಮೇಲೆ ನನಗಾಗಿ ಯಾರಾದರೂ ಹೆದರಿದ್ದು ಅದೇ ಮೊದಲು. ಬಿಡುವುದು ಬೇಡ ಎಂದು ಹಟ ಹಿಡಿದವಳು ನಾನೇ. ಮರುದಿನ ವೈರಿಗೂ ತಗಡಿಗೂ ನಡುವೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಹಾಕಿ, ಪ್ರತಿ ಗಂಟಿಗೂ ಟೇಪು ಸುತ್ತಿದೆವು. ಬಲ್ಬುಗಳ ಕಾವಿಗೆ ಎಲೆಯಂಚು ಸುಟ್ಟಾಗ ಹಗ್ಗ ಕಟ್ಟಿ ತಗಡನ್ನು ಮೇಲಕ್ಕೆಳೆದೆವು.

ಆ ಚಳಿಗಾಲದ ಮಧ್ಯಾಹ್ನಗಳೆಲ್ಲ ಆ ಬೆಳಕಿನಡಿಯಲ್ಲೇ ಕಳೆದವು. ಅಕ್ಕಿ ಆರಿಸುತ್ತ ಅವಳು ತೋಟದ ಮಾತಾಡುತ್ತಿದ್ದಳು, ನಾನು ನನ್ನೂರಿನದು. ಒಂದು ದಿನ ಸುಳಿ ಬಿಚ್ಚಿ ಗಿಣಿಹಸುರಿನ ಅಗಲವಾದ ಎಲೆ ಬಂತು. ಅಕ್ಕ ಅದನ್ನು ಮುಟ್ಟಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನೋಡುತ್ತ ಕೂತಿದ್ದಳು.

ಬೇಸಿಗೆಗೆ ಮುಂಚೆ ಅಕ್ಕನ ಗಂಡನಿಗೆ ವರ್ಗವಾಯಿತು. ಬಸ್ಸಿನಲ್ಲಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಹರಿಯದ ಹಾಗೆ ಸೆರಗು ಮುಚ್ಚಿ ಕೂತಳು. "ಗೊನೆ ಬುಟ್ಟಾಗ ಏಳ್ಕಳಿಸ್ತೀನಿ. ಬರ್ಬೇಕು" ಎಂದಳು.

ಹೇಳಿಕಳಿಸಿದಳು. ಗೊನೆ ಹಣ್ಣಾದ ಮೇಲೆ ನಾನು ನರಸೀಪುರಕ್ಕೆ ಹೋದ ದಿನ ಅವಳ ಅಪ್ಪನೂ ಬಂದಿದ್ದರು. ಹಿತ್ತಿಲ ಕಟ್ಟೆಯ ಮೇಲೆ ಕೂತು, ಹಣ್ಣು ಸುಲಿದು, ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಕೊನೆಗೆ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಅದೇಯ ಕಣವ್ವ" ಎಂದರು.

ಅಕ್ಕ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟಕ್ಕೆ ಸಮನಾದದ್ದು ಆಮೇಲೆ ನನ್ನ ಬಾಳಿನಲ್ಲಿ ಹೆಚ್ಚೇನೂ ಬರಲಿಲ್ಲ.

ಮರುವರ್ಷ ಗಂಡನ ಕೆಲಸಕ್ಕಾಗಿ ನಾವು ಬಳ್ಳಾರಿಯ ಕಡೆ ಹೋದೆವು. ಕೆಲವು ವರ್ಷ ಕಳೆದು ಈ ಕಡೆಗೆ ವಾಪಸಾದ ಮೊದಲ ವಾರದಲ್ಲೇ ನರಸೀಪುರಕ್ಕೆ ಹೋದೆ. ಬಾಗಿಲು ತೆಗೆದವರು ಯಾರೋ ಬೇರೆಯವರು. ಕಾಮಾಲೆಯಾಗಿ ಅಕ್ಕ ತೀರಿಕೊಂಡು ಆಗಲೇ ಎರಡು ಮಳೆಗಾಲ ಕಳೆದಿತ್ತು. ಅವಳ ಗಂಡ ಊರು ಬಿಟ್ಟಿದ್ದರು. ಹಿತ್ತಿಲಲ್ಲಿ ಬಾಳೆ ಕಾಣಲಿಲ್ಲ. ಅಲ್ಲಿಗೂ ರೋಗ ಬಂತೋ, ಯಾರಾದರೂ ಕಡಿದರೋ, ಕೇಳಲು ಮನಸ್ಸಾಗಲಿಲ್ಲ. ಆ ಮನೆಯಾಕೆ ನೀರು ಕೊಟ್ಟಳು. ಕುಡಿದು ಹಿಂದಿರುಗಿದೆ...

ಈಗಲೂ ನಂಜನಗೂಡಿಗೆ ಹೋದಾಗ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ನಿಂತಿದ್ದರೆ ಹತ್ತಿಬಿಡೋಣ ಅನಿಸುತ್ತದೆ. ಅರ್ಧ ಗಳಿಗೆ ಬಾಗಿಲ ಬಳಿ ನಿಲ್ಲುತ್ತೇನೆ. ಆ ಊರಿನಲ್ಲಿ ಇಳಿದು ಹೋಗುವುದಕ್ಕೆ ನನಗೀಗ ಯಾವ ಮನೆಯೂ ಇಲ್ಲ.