ಉಪ್ಪಿಲ್ಲದ ಪಲ್ಯ

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ತೀರಿಹೋದ ತಮ್ಮ ಮುಖಂಡ ಪ್ರಭುಲಿಂಗಪ್ಪನವರ ನೆನಪಿಗೆ ಸಭೆ ಸೇರಿದ್ದರು. ಪೇಟೆಯಲ್ಲಿ ಅವರ ಮಾತೆಂದರೆ ಮಾತು. ಆದರೂ ಹಾವೇರಿಗೆ ಹೋಗಲಿ, ರಾಣೆಬೆನ್ನೂರಿಗೆ ಹೋಗಲಿ, ಊಟಕ್ಕೆ ಮನೆಗೇ ಬರುತ್ತಿದ್ದರು. ಹೆಂಡತಿ ಸುಶೀಲವ್ವ ಏನು ಬಡಿಸಿದರೂ “ಭೇಷ್ ಆಗೇತಿ” ಎನ್ನುತ್ತಿದ್ದರು.

ಆಕೆಗೆ ಅದೇ ಸಿಟ್ಟು. ಗಮನವಿಟ್ಟು ಉಣ್ಣುವ ಗಂಡಸು ದಿನಾ ಒಂದೇ ಮಾತು ಹೇಳುತ್ತಾನೆಯೇ? ಒಮ್ಮೆ ಬೇಕೆಂದೇ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಲಿಲ್ಲ.

“ಭೇಷ್ ಆಗೇತಿ, ಇನ್ನಷ್ಟು ಹಾಕು” ಎಂದರು ಪ್ರಭುಲಿಂಗಪ್ಪ.

ಊಟಕ್ಕೆ ಬಂದಿದ್ದ ಬೀಗರ ಎದುರಿಗೇ ಆಕೆ ರೇಗಿದಳು. “ದನಾ ಸುದ್ದಾ ಮೂಸಿ ನೋಡಿ ತಿಂತಾವ. ನಿಮಗ ನಾಲಿಗಿ ಐತೋ ಇಲ್ಲೋ?”

ಅವರು ನಕ್ಕು, ಗಂಗಾಳ ಬಳಿದು ಉಂಡು ಎದ್ದಿದ್ದರು.

ಈಗ ಅವರ ಪಾಲುದಾರ ಶಶಿಕಾಂತ ಮೈಕಿನ ಮುಂದೆ ನಿಂತಿದ್ದ. “ಮೆಣಸಿನಕಾಯಿ ಘಾಟಿಗೆ ಅಣ್ಣಾರ ಮೂಗು, ನಾಲಿಗಿ ಎರಡೂ ಯಾವಾಗೋ ಹೋಗಿದ್ವು. ಬಣ್ಣಾ ನೋಡಿ, ಕೈಯಾಗ ಹಿಡದು ಮಾಲು ಆರಿಸ್ತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು. ಪ್ಯಾಟ್ಯಾಗ ಹೆಸರು ಹೋಗ್ತೈತಂತೇನ್ರಿ ಅಂತ ಕೇಳಿದೆ. ‘ಅದಕ್ಕಲ್ಲೋ ಹುಚ್ಚಾ, ಸುಶೀಲಾಗ ಗೊತ್ತಾದ್ರ ಆಕಿ ಹುರುಪಿಲೆ ಅಡಗಿ ಮಾಡೂದು ನಿಂತ ಹೋಗ್ತೈತಿ’ ಅಂದ್ರು.”

ಸಭೆಯೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದ ಸುಶೀಲವ್ವನ ಕಡೆ ತಿರುಗಿತು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಪಕ್ಕದವರು ಬೆನ್ನು ಸವರಿದರು.

ಅಳು ಬಂದಿರಲಿಲ್ಲ. ವೇದಿಕೆಯ ಮೇಲಿನ ಫೋಟೋದಲ್ಲಿ ಅವರು ಆ ಪಲ್ಯದ ದಿನ ನಕ್ಕ ಹಾಗೆಯೇ ನಗುತ್ತಿದ್ದರು.