ನಗಿಸುತ್ತ ಕೊಯ್ದ ಡಾಕ್ಟರು

ಅವರ ಅಂಗೈ ನಾದಿಟ್ಟ ಹಿಟ್ಟಿನಂತೆ ಮೆತ್ತಗಿತ್ತು. ಬಾಯಲ್ಲಿ ಸದಾ ಏಲಕ್ಕಿ. ಹಣೆ ಮುಟ್ಟಿ "ಏನೂ ಆಗೂದಿಲ್ಲಕ್ಕಾ, ನಾ ಅದೀನಲ್ಲ" ಎಂದು ಬಾಗಿದರೆ ಸಾಕು, ಕಬ್ಬೂರ, ಕರೋಶಿ ಕಡೆಯ ಹೆಂಗಸರಿಗೆ ಅರ್ಧ ಜಡ್ಡು ಅಲ್ಲೇ ವಾಸಿ. ನಮ್ಮ ಎಮ್ಮೆ ಈದದ್ದೂ ಅವರಿಗೆ ನೆನಪಿರುತ್ತಿತ್ತು. ಇದೆಲ್ಲ ನಿಜ, ಸುಳ್ಳು ಹೇಳಲಾರೆ. ಎಮ್ಮೆಯನ್ನು ವಿಚಾರಿಸುವ ಹೊತ್ತಿನಲ್ಲಿ, ಆಪರೇಶನ್ ಮೇಜಿನ ಮೇಲೆ ಮಲಗಿದವಳ ಮೈ ಜೋಮು ಹಿಡಿದಿದೆಯೇ ಎಂದೂ ವಿಚಾರಿಸಬಹುದಿತ್ತು, ಅಷ್ಟೇ.

"ನಗಿಸ್ಕೋತ ಆಪರೇಶನ್ ಮಾಡತಾರ" ಎಂಬುದು ಅವರ ಖ್ಯಾತಿ. ಯಾಕೆ ನಗಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಮೈ ಮರಗಟ್ಟುವ ಔಷಧ ಕೊಟ್ಟು, ಕೊಯ್ಯುವಷ್ಟೂ ಹೊತ್ತು ಉಸಿರು, ನಾಡಿ ನೋಡಿಕೊಳ್ಳಲು ಬೇರೊಬ್ಬ ಡಾಕ್ಟರು ಇರಬೇಕು. ನಮ್ಮ ಕಡೆ ಭೂಲ್ ಡಾಕ್ಟರು ಎನ್ನುತ್ತೇವೆ. ಇವರಿಗೆ ಅಂಥವರ ದರಕಾರವೇ ಇರಲಿಲ್ಲ. ತಾವೇ ಬೆನ್ನಿಗೆ ಸೂಜಿ ಚುಚ್ಚುವುದು, ತಾವೇ ಚಾಕು ಹಿಡಿಯುವುದು, ಔಷಧ ಹತ್ತುವಷ್ಟರಲ್ಲಿ ಅರ್ಧ ಕೆಲಸ ಮುಗಿಸುವ ಗಡಿಬಿಡಿ. ನಡುವಿನ ನೋವಿಗೆ ಜೋಕು.

ನನ್ನ ಅಪೆಂಡಿಕ್ಸ್ ತೆಗೆದವರು ಅವರೇ.

"ಉರೀತೈತ್ರಿ ಡಾಕ್ಟರ್!"

"ಅದು ಬರೇ ಮುಟ್ಟಿದ್ದು ಗೊತ್ತಾಗೂದು ಅಕ್ಕಾ, ನೋವಲ್ಲ."

"ನೋವ ಐತ್ರೀ!"

"ಅದಿರ್ಲಿ, ನಿಮ್ಮ ಮನಿಯವ್ರು ವಾರಕ್ಕೊಮ್ಮೆ ನಿಪ್ಪಾಣಿಗಿ ಯಾಕ ಹೋಗತಾರ? ಅಲ್ಲೊಂದ ಮನಿ ಮಾಡ್ಯಾರೇನ್?"

ನರ್ಸ್ ಕಿಸಕ್ಕನೆ ನಕ್ಕಳು. ನಾನು ಚೀರಿದೆ. ಡಾಕ್ಟರು ಹೊರಗೆ ಹೋಗಿ "ಅಕ್ಕ ಭಾಳ ಅಂಜುಬುರುಕಿ" ಎಂದರು. ನನ್ನ ಮನೆಯವರೂ ನಕ್ಕರು. ಮದುವೆ-ಕಾರ್ಯಗಳಲ್ಲಿ ಇದನ್ನೇ ಹೇಳಿ ಎಷ್ಟೋ ಜನರನ್ನು ನಗಿಸಿದರು. ಹೊಟ್ಟೆ ನನ್ನದು, ನೋವಿತ್ತೋ ಇಲ್ಲವೋ ಎಂಬ ತೀರ್ಪು ಅವರದು.

ಮುಂದೆ ಮಗಳು ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಹೊಟ್ಟೆಯಲ್ಲಿ ಕೂಸಿನ ಕಾಲು ಕೆಳಗಿದ್ದವು. ಆಪರೇಶನ್ನಿಗೆ ದಿನ ಗೊತ್ತಾಯಿತು. ಅದೇ ಆಸ್ಪತ್ರೆ ಆಗಬೇಕೆಂದು ನನ್ನ ಮನೆಯವರದೂ ಬೀಗರದೂ ಒಂದೇ ಹಟ. ಅಂದು ಬೆಳಿಗ್ಗೆ ಆಪರೇಶನ್ ಕೋಣೆಯ ಬಾಗಿಲಿಗೆ ನಾನು ಅಡ್ಡ ನಿಂತೆ.

"ಭೂಲ್ ಡಾಕ್ಟರ್ ಬಂದಾರೇನ್ರಿ?"

"ನಾ ಇಲ್ಲೇನಕ್ಕಾ?"

"ನೀವು ಕೊಯ್ಯವ್ರು. ಆಕಿ ಉಸಿರ ನೋಡಾಕ ಮತ್ತೊಬ್ರು ಬೇಕ್ರಿ."

"ಅಂದ್ರ ನನ್ ಮ್ಯಾಲ ವಿಶ್ವಾಸ ಇಲ್ಲ ಅನ್ರಿ." ನಗುತ್ತಲೇ ಹೇಳಿದರು.

"ಇಲ್ರಿ."

ಅಥಣಿಯಿಂದ ಬಂದಿದ್ದ ಬೀಗತಿ ಗಲ್ಲಕ್ಕೆ ಕೈ ಹಚ್ಚಿದರು. "ಅಯ್ಯ, ದೇವರಂಥಾ ಡಾಕ್ಟರಿಗಿ ಇಂಥಾ ಮಾತೇನ್ರಿ? ನಾವೇನ್ ಹಡದಿಲ್ಲೇನು?"

"ನೀವು ಹಡದೀರಿ. ಇವತ್ತ ಹಡಿಯಾಕಿ ನನ್ ಮಗಳ್ರಿ."

ಡಾಕ್ಟರ ಮೋರೆ ಸಪ್ಪಗಾದದ್ದನ್ನು ಅಂದೇ ಮೊದಲು ನೋಡಿದೆ. ಫೋನು ಹೋಯಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಳ್ಳುತ್ತ ನಿಪ್ಪಾಣಿಯಿಂದ ಭೂಲ್ ಡಾಕ್ಟರು ಬಂದರು. ತೆಳ್ಳನೆಯ ಹೆಂಗಸು, ಮಾತೇ ಕಡಿಮೆ. ಒಳಗೆ ನಡೆದದ್ದನ್ನು ಮಗಳು ಆಮೇಲೆ ಹೇಳಿದಳು. ಬೆನ್ನಿಗೆ ಔಷಧ ಕೊಟ್ಟ ಮೇಲೆ ಆಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಹೊಟ್ಟೆಯ ಮೇಲೆ ಆಡಿಸಿ, "ತಂಪ ಹತ್ತತೈತೇನವಾ?" ಎಂದು ಕೇಳಿದರಂತೆ.

"ಸ್ವಲ್ಪ ಹತ್ತತೈತ್ರಿ," ಎಂದಳಂತೆ ಮಗಳು.

"ತಡೀರಿ ಸರ್, ಇನ್ನೂ ಜೋಮ ಹಿಡದಿಲ್ಲ."

ಡಾಕ್ಟರು ಕೈ ಕಟ್ಟಿ ನಿಂತರಂತೆ. ಮತ್ತೆ ಹತ್ತಿ, ಮತ್ತೆ ಅದೇ ಪ್ರಶ್ನೆ. "ಈಗ ಏನೂ ಇಲ್ರಿ" ಎಂದು ಮಗಳು ಹೇಳಿದ ಮೇಲೆಯೇ ಚಾಕುವಿಗೆ ಅಪ್ಪಣೆ. ಎಲ್ಲಿ ಕೊಯ್ದರು, ಯಾವಾಗ ಕೊಯ್ದರು ಅವಳಿಗೆ ಗೊತ್ತಿಲ್ಲ. ಕೂಸು ಅತ್ತದ್ದು ಮಾತ್ರ ಗೊತ್ತು.

ಒಂದು ಚೂರು ಹತ್ತಿ, ಒಂದಿಷ್ಟು ತಾಳ್ಮೆ. ಅಂಥ ದೊಡ್ಡ ಮನುಷ್ಯರಿಂದ ನನ್ನ ಹೊಟ್ಟೆಗೆ ಅಷ್ಟೂ ದಕ್ಕಿರಲಿಲ್ಲ.

ಕಳೆದ ವರ್ಷ ಡಾಕ್ಟರು ತೀರಿಕೊಂಡರು. ಅಂಗಡಿಗಳು ಮುಚ್ಚಿದವು. ಸಂತಾಪ ಸಭೆಯಲ್ಲಿ ಒಬ್ಬೊಬ್ಬರೂ ಅವರ ಒಂದೊಂದು ಜೋಕು ಹೇಳಿ, ನಕ್ಕು, ಕಣ್ಣೊರೆಸಿಕೊಂಡರು. ನನ್ನ ಮನೆಯವರು ಮೊಣಕೈಯಿಂದ ತಿವಿದು, "ಏಳ, ನೀನೂ ಎರಡ ಮಾತ ಹೇಳ" ಎಂದರು. ಎದ್ದೆ.

"ನನಗ ನೋವಾಗಿತ್ತ್ರಿ," ಎಂದೆ.

ಇದೂ ಜೋಕಿನ ಪೀಠಿಕೆಯೇ ಎಂದುಕೊಂಡು ಮುಂದಿನ ಸಾಲಿನವರು ಆಗಲೇ ಹಲ್ಲು ಕಿರಿದು ಕಾಯುತ್ತಿದ್ದರು. ನಾನು ಕೂತುಕೊಂಡೆ.