ಹಬ್ಬದ ದಿನದ ನಾಲ್ವರು

ತೆಲಂಗಾಣದ ನಾರಾಯಣಖೇಡಕ್ಕೆ ಬಂದ ದಿನವನ್ನು ಒಂದನೆಯ ದಿನ ಎಂದು ಬರೆದುಕೊಂಡೆ. ಮೂರನೆಯ ದಿನ: ನಲ್ಲಿ ನೀರು ಬೆಳಿಗ್ಗೆ ನಲವತ್ತು ನಿಮಿಷ. ಐದನೆಯ ದಿನ: ನಾಗಲಗಿದ್ದ ಎಂಬ ಊರಿಗೆ ಹೋಗುವ ಬಸ್ಸು ಇಪ್ಪತ್ತೆರಡು ನಿಮಿಷ ತಡ. ಮನೆಯೊಡತಿ ನನ್ನ ಪುಸ್ತಕದೊಳಗೆ ಇಣುಕಿ, "ನಾ ಎಷ್ಟ್ ರೊಟ್ಟಿ ಬಡದೀನಿ ಅದೂ ಬರದೀರೇನು, ತಂಗಿ?" ಎಂದು ನಕ್ಕಿದ್ದರು. ಬರೆದಿದ್ದೆ.

ನಾನು ಮೈಸೂರಿನವಳು. ಗಡಿಯ ಶಾಲೆಗಳಲ್ಲಿ ಕನ್ನಡದಲ್ಲಿ ಓದುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಲು ಆರು ತಿಂಗಳಿಗೆಂದು ಬಂದಿದ್ದೆ. ಆರಿಸಿಕೊಂಡ ಹಳ್ಳಿಯ ಶಾಲೆಯಲ್ಲಿ ತೆಲುಗು ವಿಭಾಗ, ಕನ್ನಡ ವಿಭಾಗ ಅಕ್ಕಪಕ್ಕ. ಕನ್ನಡದಲ್ಲಿ ಮೂವತ್ತೊಂದು ಮಕ್ಕಳು, ಒಬ್ಬರೇ ಟೀಚರ್. ದಿನಾ ಅಲ್ಲಿಗೆ ಹೋಗಿ, ಎಷ್ಟು ಮಕ್ಕಳು ಬಂದಿದ್ದಾರೆ ಎಂದು ಎಣಿಸುವುದು ನನ್ನ ಕೆಲಸ.

ಇಪ್ಪತ್ತಾರನೆಯ ದಿನ ಸಂಜೆ ಮನೆಯೊಡತಿ ಅಂಗಳದಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. "ನಾಳಿಗಿ ಎಳ್ಳಮಾಸಿ ಹಬ್ಬ. ಹೊಲಕ್ಕ ನಡೀರಿ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ, ಎಲ್ಲಾ ಅದ."

"ಇಲ್ಲ ಅಕ್ಕ, ನಾಳೆ ಶಾಲೆಗೆ ಹೋಗಲೇಬೇಕು. ರಜೆ ಕೊಟ್ಟಿಲ್ಲ."

"ಸರ್ಕಾರ ಕೊಟ್ಟಿಲ್ರಿ. ಊರು ಕೊಟ್ಟದ. ಹೋಗಿ ಏನ್ ಬೆಂಚ್ ಎಣಸ್ತೀರಿ?"

ಹೋದೆ. ದಾರಿಯುದ್ದಕ್ಕೂ ಬಂಡಿ, ಟ್ರ್ಯಾಕ್ಟರು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಎಲ್ಲರೂ ಹೊಲದ ಕಡೆಗೆ. ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದರು. ಟೀಚರ್ ನನ್ನ ಪುಸ್ತಕ ನೋಡಿ, "ಇವತ್ತೊಂದಿನ ಬಿಡ್ರಿ ಮೇಡಂ" ಎಂದರು.

"ಒಂದು ದಿನವನ್ನೂ ಬಿಡುವ ಹಾಗಿಲ್ಲ ಟೀಚರ್. ಅದೇ ನಮ್ಮ ವಿಧಾನ."

"ಆತು. ಬಾಜೂಕ ಹಬ್ಬ ಅಂತಾದರೂ ಬರೀರಿ."

ನನ್ನ ಪುಟದಲ್ಲಿ ಕಾರಣಕ್ಕೆ ಜಾಗವಿರಲಿಲ್ಲ. ಗೆರೆ ಎಳೆದು ಪುಟ ಮಾಡಿಕೊಂಡವಳು ನಾನೇ; ಇನ್ನೊಂದು ಗೆರೆ ಎಳೆಯಲು ಅರ್ಧ ನಿಮಿಷ ಸಾಕಿತ್ತು. ಎಳೆಯಲಿಲ್ಲ. 'ಹಾಜರು 4, ಗೈರು 27' ಎಂದು ಬರೆದು ಸಹಿ ಹಾಕಿದೆ.

ಮೂವತ್ಮೂರನೆಯ ದಿನ ಶಾಲೆಗೆ ಹೋಗುವ ನನ್ನ ಅನುಮತಿ ಪತ್ರವನ್ನು ಮುಂದುವರಿಸಿಕೊಳ್ಳಲು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ಚಹಾ ತರಿಸಿದರು, ನನ್ನ ಅಕ್ಷರ ಹೊಗಳಿದರು, "ಸುಮ್ನ ನೋಡಾಕ ಒಂದು ಝೆರಾಕ್ಸ್ ಕೊಡ್ರಿ" ಎಂದರು. ಹಿಗ್ಗಿ, ಅದುವರೆಗಿನ ಹತ್ತೊಂಬತ್ತು ಪುಟಗಳನ್ನೂ ಕೊಟ್ಟುಬಂದೆ.

ನಲವತ್ತೊಂದನೆಯ ದಿನ ಟೀಚರ್ ಫೋನ್ ಮಾಡಿದರು. ನಮಸ್ಕಾರವಿಲ್ಲ, ಮೇಡಂ ಇಲ್ಲ. "ಮಕ್ಕಳಿಲ್ಲ ಅಂತ ಕನ್ನಡ ವಿಭಾಗ ತೆಲುಗಿಗಿ ಕೂಡಸ್ತಾರಂತ. ಕಚೇರಿಯಿಂದ ಬಂದ ಕಾಗದದ ಹಿಂದ ಪಿನ್ ಹೊಡದದ್ದು ನಿಮ್ಮ ಪುಟ."

ಹತ್ತೊಂಬತ್ತರಲ್ಲಿ ಹಬ್ಬದ ದಿನದ್ದೊಂದೇ ಪುಟ. ಇಪ್ಪತ್ತೆಂಟು, ಮೂವತ್ತು, ಇಪ್ಪತ್ತೊಂಬತ್ತು ಎಂದಿದ್ದ ಹದಿನೆಂಟು ಪುಟಗಳು ಎಲ್ಲಿ ಹೋದವು? ಕಚೇರಿಗೆ ಹೋಗಿ ಅದನ್ನೇ ಕೇಳಿದೆ. ನನ್ನ ಧ್ವನಿ ಹೊರಗಿನ ಬೆಂಚಿನವರೆಗೂ ಕೇಳಿಸಿತಂತೆ, ಕೇಳಿಸಲಿ.

"ಲೆಕ್ಕ ನಿಮ್ದೇ ಅದ ಮೇಡಂ. ಸಹೀನೂ ನಿಮ್ದೇ."

"ಅದು ಹಬ್ಬದ ದಿನ ಸಾರ್!"

"ಎಲ್ಲದ ಹಬ್ಬ? ಪುಟದಾಗ ತೋರಸ್ರಿ."

ನನ್ನ ಪುಟ ವಾಪಸ್ ಕೊಡಿ ಎಂದೆ. ಆತ ನಕ್ಕ. "ಝೆರಾಕ್ಸ್ ವಾಪಸ್ ಒಯ್ದ್ರ ನಂಬರ್ ವಾಪಸ್ ಹೋಗ್ತದೇನು?"

ಅವನ ಚಹಾ ಕುಡಿದವಳು ನಾನು. ಈಗ ಬರೆಯುವಾಗಲೂ ಪೆನ್ನು ಹಾಳೆಯನ್ನು ಕೊರೆಯುತ್ತಿದೆ.

ಅಲ್ಲಿಂದ ನೇರವಾಗಿ ಶಾಲೆಗೆ ಹೋದೆ. ಟೀಚರ್ ಕೂತುಕೊಳ್ಳಿ ಎನ್ನಲಿಲ್ಲ. "ಅವತ್ತ ತೆಲುಗು ವಿಭಾಗದಾಗ ಎಷ್ಟ್ ಮಂದಿ ಇದ್ರು ನೋಡಿದ್ರೇನು?"

ನೋಡಿರಲಿಲ್ಲ. ಅದು ನನ್ನ ಸಂಶೋಧನೆಯ ವಿಷಯವಾಗಿರಲಿಲ್ಲ.

"ಅವ್ರೂ ರೈತರ ಮಕ್ಕಳೇ. ಅವ್ರೂ ಹೊಲಕ್ಕೇ ಹೋಗ್ಯಾರ." ಪಕ್ಕದ ಕೋಣೆಯಿಂದ ಹಾಜರಿ ಪುಸ್ತಕ ತಂದು ನನ್ನ ಮುಂದೆ ಬಡಿದರು. ಮೂವತ್ನಾಲ್ಕರಲ್ಲಿ ಆರು. "ನಮ್ಮ ಬಾಗಲಾ ಅಷ್ಟೇ ಕಂಡದ ನಿಮಗ."

ಹತ್ತೊಂಬತ್ತು ದಿನಗಳ ಎಣಿಕೆಯನ್ನೂ ಅಧಿಕಾರಿಗೆ ಒಂದು ಪತ್ರದಲ್ಲಿ ಬರೆದೆ. ಇಪ್ಪತ್ತೇಳನೆಯ ದಿನದ ಎದುರು ಎಳ್ಳಮಾವಾಸ್ಯೆ ಎಂದೂ, ಟೀಚರ್ ನೆನಪಿಸಿದರೂ ನಾನು ದಾಖಲಿಸಲಿಲ್ಲ ಎಂದೂ ಬರೆದೆ. ಮರುದಿನ ಒಂಬತ್ತು ಜನ ತಾಯಂದಿರು, ಟೀಚರ್, ನಾನು ಎರಡು ಆಟೋಗಳಲ್ಲಿ ಕಚೇರಿಗೆ ಹೋದೆವು. ಅಧಿಕಾರಿ ಎರಡೂ ಹಾಜರಿ ಪುಸ್ತಕ ತಿರುವಿದ. ಒಬ್ಬ ತಾಯಿ ಕೇಳಿದಳು: "ಸಾಹೇಬ್ರ, ಎಳ್ಳಮಾಸಿ ದಿನ ನಿಮ್ಮ ಕಚೇರ್ಯಾಗ ಎಷ್ಟ್ ಮಂದಿ ಇದ್ರಿ?" ಆತ ಪತ್ರಕ್ಕೆ ಮುದ್ರೆ ಒತ್ತಿ, "ಈ ವರ್ಷ ಹಿಂಗೇ ನಡೀಲಿ. ಮುಂದಿನ ವರ್ಷ ನೋಡೋಣ" ಎಂದ.

ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ನನ್ನ ಪುಟ ಮಾತ್ರ ಆ ಕಡತದಲ್ಲೇ ಇರುತ್ತದೆ.

ಇಂದು ಅರವತ್ತೊಂದನೆಯ ದಿನ. ಹಾಜರು ಇಪ್ಪತ್ತೊಂಬತ್ತು. ಬಾರದ ಇಬ್ಬರ ಮನೆಗೂ ಹೋಗಿ ಕೇಳಿದೆ. ಒಬ್ಬಳಿಗೆ ಜ್ವರ. ಇನ್ನೊಬ್ಬಳು ಅಜ್ಜಿಯ ಕಣ್ಣು ತೋರಿಸಲು ಜೊತೆಗೆ ಜಹೀರಾಬಾದಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ. ಹೊಸ ಗೆರೆ ಎಳೆದು ಎರಡನ್ನೂ ಬರೆದೆ. ಪಕ್ಕದ ಕೋಣೆಯಲ್ಲಿ ಮೂವತ್ತು, ಅದನ್ನೂ ಬರೆದೆ. ಟೀಚರ್ ಬಂದು ಪುಟವನ್ನು ಮೇಲಿಂದ ಕೆಳಗೆ ಓದಿದರು. ಇನ್ನೂ ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಕೆಳಗೆ, ನನ್ನ ಸಹಿಯ ಪಕ್ಕದಲ್ಲಿ, ತಾವೂ ಸಹಿ ಹಾಕಿ ಪಾಠಕ್ಕೆ ಹೋದರು.